ಸ್ಪಷ್ಟನೆ: ಎರಡು ಗುಂಡು ಬಿದ್ದರೆ ಆತ್ಮಹತ್ಯೆ ಅಲ್ಲವೇ?

‘ಕೊರಳಿಗೆ ಎರಡು ಗುಂಡು ಬಿದ್ದಿವೆ, ಆತ್ಮಹತ್ಯೆ ಸಾಧ್ಯವೇ ಇಲ್ಲ’ ಎಂದು ಇಂಗ್ಲೆಂಡಿನ ವೈಟ್ ಹೌಸ್ ಫಾರ್ಮ್ ಪ್ರಕರಣದ (1985) ಬಗ್ಗೆ ಬಳ್ಳಾರಿಯ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಮಾತು ತಪ್ಪು. ಆ ಮನೆಯಲ್ಲಿ ಶೀಲಾ, ಅವರ ಸಾಕು ತಂದೆತಾಯಿ ಮತ್ತು ಇಬ್ಬರು ಮಕ್ಕಳು ಗುಂಡೇಟಿಗೆ ಸತ್ತಿದ್ದರು. ಶೀಲಾ ಉಳಿದವರನ್ನು ಕೊಂದು ತಾವೂ ಗುಂಡು ಹೊಡೆದುಕೊಂಡರೋ, ಅವರ ಸಾಕು ತಮ್ಮ ಜೆರೆಮಿ ಬ್ಯಾಂಬರ್ ಎಲ್ಲರನ್ನೂ ಕೊಂದನೋ ಎಂಬುದೇ ವಿವಾದ. ಮೊದಲ ಗುಂಡಿಗೇ ಶೀಲಾ ತಕ್ಷಣ ಸಾಯಬೇಕಿರಲಿಲ್ಲ ಎಂದು ಶವಪರೀಕ್ಷೆಯ ವೈದ್ಯರೇ ಹೇಳಿದ್ದರು.

ಜೆರೆಮಿ ವಿರುದ್ಧದ ಸರ್ಕಾರಿ ವಾದ ಮುಖ್ಯವಾಗಿ ನಿಂತದ್ದು ಸೈಲೆನ್ಸರ್ (ಸದ್ದು ತಗ್ಗಿಸಲು ಬಂದೂಕಿನ ತುದಿಗೆ ಹಾಕುವ ಕೊಳವೆ) ಮೇಲೆ. ಅದನ್ನು ಹಾಕಿದರೆ ರೈಫಲ್ ಉದ್ದವಾಗಿ, ತುದಿಯನ್ನು ಕೊರಳಿಗಿಟ್ಟರೆ ಶೀಲಾ ಬೆರಳು ಟ್ರಿಗರ್‌ಗೆ ಎಟುಕದು. ಸೈಲೆನ್ಸರ್ ಒಳಗಿದ್ದ ರಕ್ತವೂ ಶೀಲಾ ರಕ್ತದ ಗುಂಪಿಗೇ ಹೊಂದಿತ್ತು. ಆದರೆ ಅದು ಸಾಕು ತಂದೆತಾಯಿಯ ರಕ್ತದ ಬೆರಕೆ ಇರಬಹುದು ಎಂಬುದು ಪ್ರತಿವಾದ. ಸಾಲದ್ದಕ್ಕೆ, ಸೈಲೆನ್ಸರ್ ಸಿಕ್ಕಿದ್ದು ಪೊಲೀಸರಿಗಲ್ಲ, ದಿನಗಳ ನಂತರ ಬಂದೂಕಿನ ಕಪಾಟಿನಲ್ಲಿ ಸಂಬಂಧಿಕರಿಗೆ! ತಕರಾರಿನ ಬೇರು ಇಲ್ಲಿದೆ.

ಆ ಮನೆಯಲ್ಲಿ ಒಟ್ಟು ಹಾರಿದ್ದು 25 ಗುಂಡು, ರೈಫಲ್‌ನ ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಹಿಡಿಯುವುದು 10. ಕೊಂದವರು ಯಾರೇ ಆಗಲಿ, ನಡುವೆ ಕನಿಷ್ಠ ಎರಡು ಸಲ ಮತ್ತೆ ತುಂಬಲೇಬೇಕು. ಈ ಕೊಲೆಗಳಿಗೆ ಶಿಕ್ಷೆಯಾದ ಜೆರೆಮಿ ಬ್ಯಾಂಬರ್ ಮೇಲ್ಮನವಿ 2002ರಲ್ಲಿ ವಜಾ ಆಯಿತು.