ಒಂದೇ ಟೇಕ್ ಸರಿ, ಆದರೆ ಮೂರು ಸಲ

ಸ್ವಂತ ಅನುಭವದ ಹಾಡನ್ನು ಗಿಟಾರ್ ಜೊತೆಗೇ ಒಂದೇ ಟೇಕ್‌ನಲ್ಲಿ (ನಡುವೆ ನಿಲ್ಲಿಸದ ಒಂದೇ ರೆಕಾರ್ಡಿಂಗಿನಲ್ಲಿ) ಹಾಡಿದರೆ ಭಾವ ಉಳಿಯುತ್ತೆ ಅಂತ, ಹಾಡು ರೆಕಾರ್ಡ್ ಮಾಡುವ ಬಗ್ಗೆ ನಾನು ಓದಿದ ಲೇಖನವೊಂದು ಹೇಳುತ್ತೆ. ಪೂರ್ತಿ ಒಪ್ಪುತ್ತೇನೆ. ತೊಂದರೆ ಏನೆಂದರೆ, ಒಂದು ಪದ ತಪ್ಪಿದರೆ ಅದನ್ನಷ್ಟೇ ಮತ್ತೆ ಹಾಡಿ ಕೂರಿಸೋಕಾಗಲ್ಲ, ಹಳೆಯ ದನಿ ಗಿಟಾರ್ ಮೈಕಿಗೂ ನುಗ್ಗಿರುತ್ತೆ. ಹಾಗಾಗಿ ಒಂದು ಕಿವಿಯಲ್ಲಿ ಕ್ಲಿಕ್ (ಲಯ ತಪ್ಪದಂತೆ ಟಿಕ್ ಟಿಕ್ ಅನ್ನುವ ಸದ್ದು) ಸಣ್ಣಗೆ ಇಟ್ಟುಕೊಂಡು ಪೂರ್ತಿ ಹಾಡನ್ನು ಮೂರು ಸಲ ಹಾಡಿ. ಪ್ರತಿ ಸಲವೂ ತಂತಿ ಶ್ರುತಿ ಮಾಡಿಕೊಳ್ಳಿ, ಇಲ್ಲದಿದ್ದರೆ ಜೋಡಿಸಿದ ಜಾಗ ಕೇಳಿಸಿಬಿಡುತ್ತೆ. ಆಮೇಲೆ ಪಲ್ಲವಿ, ಚರಣಗಳ ನಡುವಿನ ಬಿಡುವಿನಲ್ಲೇ ಕತ್ತರಿಸಿ, ಮೂರರಲ್ಲಿ ಚೆನ್ನಾಗಿ ಬಂದ ಭಾಗಗಳನ್ನು ಜೋಡಿಸಿ.

ಗಿಟಾರ್ ಮೈಕ್ 12ನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಎದುರು 20ರಿಂದ 30 ಸೆಂ.ಮೀ. ದೂರ ಇರಲಿ. ನಡುವಿನ ತೂತಿಗೇ ಹಿಡಿದರೆ ಬರೀ ಗುಂಯ್ ಅನ್ನುತ್ತೆ. ಬಾಯಿಯ ಮೈಕ್ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ ಭ, ಫ ಬಂದಾಗ ಗಾಳಿ ಬಡಿಯುತ್ತೆ. 24 ಬಿಟ್‌ನಲ್ಲಿ (ರೆಕಾರ್ಡಿಂಗಿನ ಗುಣಮಟ್ಟದ ಸೆಟ್ಟಿಂಗ್) ರೆಕಾರ್ಡ್ ಮಾಡಿ, ಜೋರು ಜಾಗದಲ್ಲೂ ಮೀಟರ್ ಮೈನಸ್ 10 ಡಿಬಿ ದಾಟದಿದ್ದರೆ ಸಾಕು (ಸೊನ್ನೆ ಅಂದರೆ ದನಿ ಒಡೆಯುವ ಮಿತಿ). ಫ್ಯಾನ್ ಆಫ್ ಮಾಡಲೇಬೇಕು.

ಲೇಖನದಲ್ಲಿ ಬಿಟ್ಟುಹೋದದ್ದು ಸಾಹಿತ್ಯದ ಮಾತು. ರಾಗ ಮೊದಲು ಹುಟ್ಟಿದಾಗ ಉದ್ದದ ಸ್ವರದ ಮೇಲೆ ಹ್ರಸ್ವಾಕ್ಷರ ಬಂದು ಕೂರುತ್ತೆ. ‘ಬಿಡು’ ಅಂತ ಬರೆದು ಮೊದಲ ಅಕ್ಷರ ಎಳೆದರೆ ಕೇಳುವವರಿಗೆ ‘ಬೀಡು’! ಕನ್ನಡದಲ್ಲಿ ಅರ್ಥವೇ ಬದಲಾಗುತ್ತೆ, ಇದನ್ನು ಆಮೇಲೆ ದನಿಗಳನ್ನು ಹದಮಾಡಿ ಬೆರೆಸುವ ಯಾವ ಮಿಕ್ಸಿಂಗೂ ಸರಿಮಾಡಲ್ಲ. ಎಳೆಯುವ ಜಾಗಕ್ಕೆ ‘ದೂರ’, ‘ನೀನು’ ತರಹದ ದೀರ್ಘ ಇರುವ ಪದ ಹುಡುಕಿ, ಇಲ್ಲವೇ ಆ ಸ್ವರವನ್ನೇ ಎರಡಾಗಿ ಒಡೆದು ಎರಡು ಅಕ್ಷರ ಹಾಡಿ. ರೆಕಾರ್ಡಿಂಗಿಗೆ ಮುಂಚೆ ಸಾಲುಗಳನ್ನು ತಾಳ ಹಾಕಿಕೊಂಡು ಬರೀ ಮಾತಿನಲ್ಲಿ ಹೇಳಿನೋಡಿದರೆ ಎಲ್ಲಿ ಎಡವುತ್ತೆ ಅಂತ ಗೊತ್ತಾಗುತ್ತೆ.