ಬಟ್ಟಲು ಇಟ್ಟವರ ಕೈಗೇ ಬೋನೂ ಸಿಗಲಿ

ಬೀದಿ ಬೆಕ್ಕುಗಳಿಗೆ ಊಟ ಹಾಕುವವರನ್ನು ಕರ್ನಾಟಕದಲ್ಲೂ ನೋಡಿದ್ದೇನೆ, ಈಗ ನೆಲೆಸಿರುವ ಇಟಲಿಯಲ್ಲೂ ನೋಡುತ್ತಿದ್ದೇನೆ. ಅಲ್ಲಿ ನನಗೆ ಕಂಡವರಲ್ಲಿ ಬಹಳ ಮಂದಿ ಕತ್ತಲಾದ ಮೇಲೆ ಬಟ್ಟಲು ಹಿಡಿದು ಬರುತ್ತಿದ್ದರು. ಅಕ್ಕಪಕ್ಕದವರ ಕಣ್ಣಿಗೆ ಬಿದ್ದರೆ ಜಗಳ, ಕಾವಲುಗಾರ ಕಂಡರೆ ಗದರಿಕೆ. ಇಲ್ಲಿ ಅದೇ ಕೆಲಸ ಮಾಡುವವರು ಹಾಡಹಗಲೇ ಬರುತ್ತಾರೆ. ಅನೇಕ ಕಡೆ ಆ ಬೆಕ್ಕುಗಳ ಗುಂಪು ಸ್ಥಳೀಯ ಆಡಳಿತದ ದಾಖಲೆಯಲ್ಲಿ ಇರುತ್ತದೆ, ನೋಡಿಕೊಳ್ಳುವವರು ಯಾರೆಂಬುದೂ ಅದರಲ್ಲಿ ಬರೆದಿರುತ್ತದೆ. ಬೆಕ್ಕಿನ ಮೇಲಿನ ಪ್ರೀತಿ ಎರಡೂ ಕಡೆ ಒಂದೇ. ಆದರೆ ಕದ್ದುಮುಚ್ಚಿ ಹಾಕಿದ ಊಟ ಬೆಕ್ಕಿನ ಆ ಹೊತ್ತಿನ ಹಸಿವನ್ನಷ್ಟೇ ನೀಗಿಸುತ್ತದೆ. ಬಹಿರಂಗವಾಗಿ ಹಾಕಿದ ಊಟದ ಹಿಂದೆಯೇ ಎಣಿಕೆ, ಸಂತಾನಹರಣದ ಆಪರೇಷನ್, ಲಸಿಕೆ ಎಲ್ಲವೂ ಬರಬಲ್ಲವು.

ಇಟಲಿ 1991ರಲ್ಲಿ 281ನೇ ಕಾನೂನು ಮಾಡಿತು. ಬೀದಿ ಪ್ರಾಣಿಗಳಿಗೆ ಸಂಬಂಧಪಟ್ಟ ಆ ಕಾನೂನಿನಲ್ಲಿ ಬೆಕ್ಕಿನ ಕುರಿತು ಇರುವುದು ನಾಲ್ಕಾರು ಸಾಲು ಮಾತ್ರ. ಬಿಡುಬೀಸಾಗಿ ಬದುಕುವ ಬೆಕ್ಕುಗಳಿಗೆ ಹಿಂಸೆ ಕೊಡುವಂತಿಲ್ಲ. ಸ್ಥಳೀಯ ಆರೋಗ್ಯ ಇಲಾಖೆಯೇ ಅವುಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ ಮತ್ತೆ ಅದೇ ಗುಂಪಿಗೆ ಬಿಡಬೇಕು. ಗುಣವಾಗದ ಅಥವಾ ತೀರಾ ಗಂಭೀರ ಕಾಯಿಲೆ ಇದ್ದರಷ್ಟೇ ಸಾಯಿಸಬಹುದು. ಪ್ರಾಣಿದಯಾ ಸಂಘಗಳು ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು ಗುಂಪುಗಳ ಹೊಣೆ ಹೊರಬಹುದು. ಕೊನೆಯ ಈ ಮಾತೇ ನನಗೆ ದೊಡ್ಡದಾಗಿ ಕಾಣುತ್ತದೆ. ಎಲ್ಲಿಂದಲೋ ಬಂದು ಊಟ ಹಾಕಿ ಹೋಗುವ ವ್ಯಕ್ತಿಯನ್ನು ಕಾನೂನು ಉಪದ್ರವ ಎಂದು ನೋಡದೆ ಕೆಲಸಗಾರ ಎಂದು ನೋಡಿತು.

ಭಾರತದಲ್ಲೂ ಬಾಗಿಲು ಮುಚ್ಚಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಯಾರ ಒಡೆತನಕ್ಕೂ ಸೇರದ ಪ್ರಾಣಿಗಳಿಗೆ ಊಟ ಹಾಕುವ ಜಾಗವನ್ನು ನಿವಾಸಿಗಳ ಸಂಘ ಗೊತ್ತುಮಾಡಬೇಕು ಎನ್ನುತ್ತವೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಕಟ್ಟಡದ ಬಾಗಿಲು ಇವುಗಳಿಂದ ಅದು ದೂರವಿರಬೇಕು. ಆದರೆ ಆ ನಿಯಮಗಳ ಸುತ್ತ ನಡೆಯುವ ಮಾತೆಲ್ಲ ನಾಯಿಯದೇ. ಬೆಕ್ಕು ಬೊಗಳುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ, ಹಾಗಾಗಿ ಅದರ ಕಷ್ಟ ಯಾರ ಗಮನಕ್ಕೂ ಬರುವುದಿಲ್ಲ.

ಆ ಕಷ್ಟ ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಊಟ ಹಾಕುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಬಸಿರು ಒಂಬತ್ತು ವಾರ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಮತ್ತೆ ಬಸಿರಾಗಬಲ್ಲದು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿರುವ ಮೇರಿಯನ್ ದ್ವೀಪದ ಹವಾಮಾನ ಕೇಂದ್ರಕ್ಕೆ ಇಲಿ ಹಿಡಿಯಲೆಂದು 1949ರಲ್ಲಿ ಐದು ಬೆಕ್ಕುಗಳನ್ನು ಒಯ್ದರು. 1970ರ ದಶಕದ ನಡುವಿಗೆ ಅಲ್ಲಿ ಸುಮಾರು 2,000 ಬೆಕ್ಕುಗಳಿದ್ದವು, ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ಕಡಲಹಕ್ಕಿಗಳನ್ನು ತಿನ್ನುತ್ತಿದ್ದವು. ರೋಗದ ವೈರಸ್ ಬಿಟ್ಟು, ಗುಂಡು ಹೊಡೆದು, ಬೋನಿಟ್ಟು, ವಿಷವಿಟ್ಟು ಅವನ್ನೆಲ್ಲ ಮುಗಿಸುವಷ್ಟರಲ್ಲಿ 1991 ಬಂದಿತ್ತು. ಆ ಬೆಕ್ಕುಗಳಿಗೆ ಯಾರೂ ಬಟ್ಟಲಿಟ್ಟು ಊಟ ಹಾಕಿರಲಿಲ್ಲ.

ಬೀದಿಯಲ್ಲಿ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ದೊಡ್ಡವಾಗುವುದಿಲ್ಲ. ಕಣ್ಣು ಅಂಟಿಕೊಂಡು, ಮೂಗು ಸೋರಿ, ವಾಂತಿಭೇದಿಯಾಗಿ, ಗಾಡಿಯ ಚಕ್ರಕ್ಕೆ ಸಿಕ್ಕಿ ಹೋಗುತ್ತವೆ. ಆಪರೇಷನ್ನಿನ ಯೋಚನೆಯೇ ಇಲ್ಲದೆ ವರ್ಷಾನುಗಟ್ಟಲೆ ಊಟ ಹಾಕುವವರು ಈ ಸಾವುಗಳನ್ನೂ ಕಣ್ಣಾರೆ ನೋಡುತ್ತಲೇ ಇರುತ್ತಾರೆ. ಅವರ ಕರುಣೆ ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆ ಕರುಣೆಗೆ ಮುಂದಿನ ಮೆಟ್ಟಿಲು ತೋರಿಸದ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು.

ಬೋನಿಗೆ ಬೆಕ್ಕು ಬೀಳುವುದು ಊಟ ಹಾಕುವವರಿಂದಲೇ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಊಟ ಸಿಕ್ಕರೆ ಬೆಕ್ಕುಗಳು ಆ ಹೊತ್ತಿಗೆ ಸರಿಯಾಗಿ ಬಂದು ಸೇರುತ್ತವೆ. ಆಗ ಎಣಿಸಬಹುದು. ಯಾವುದರ ಹೊಟ್ಟೆ ಇಳಿಬಿದ್ದಿದೆ, ಯಾವುದು ಎರಡು ದಿನದಿಂದ ಕಾಣುತ್ತಿಲ್ಲ, ಯಾವುದು ಹೊಸಬ ಎಂದು ತಿಳಿಯುತ್ತದೆ. ಬೋನಿನ ಬಾಗಿಲು ಬೀಳದಂತೆ ಕಟ್ಟಿ, ಕೆಲವು ದಿನ ಅದರೊಳಗೇ ಊಟ ಇಡಬೇಕು. ಹಿಡಿಯುವ ಹಿಂದಿನ ದಿನ ಊಟ ನಿಲ್ಲಿಸಬೇಕು, ನೀರು ಮಾತ್ರ ಇರಲಿ. ಬಾಗಿಲು ಬಿದ್ದ ಕೂಡಲೇ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿದರೆ ಒದ್ದಾಟ ಬಹುಮಟ್ಟಿಗೆ ನಿಲ್ಲುತ್ತದೆ. ಬೋನಿಟ್ಟವರು ಅದನ್ನು ಬಿಟ್ಟು ಎಲ್ಲಿಗೂ ಹೋಗಬಾರದು. ಬಿಸಿಲು, ಮಳೆ, ನಾಯಿ, ಕಿಡಿಗೇಡಿ ಯಾವುದರಿಂದಲೂ ಒಳಗಿನ ಪ್ರಾಣಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ಹಿಡಿದದ್ದು ಹಾಲೂಡಿಸುತ್ತಿರುವ ತಾಯಿಯೇ ಎಂದು ಮೊಲೆ ನೋಡಿ ವೈದ್ಯರು ಹೇಳಬಲ್ಲರು. ಹಾಗಿದ್ದರೆ ಆಪರೇಷನ್ ಬೇಗ ಮುಗಿಸಿ, ಮಂಪರು ಪೂರ್ತಿ ಇಳಿದ ಮೇಲೆ ತಡಮಾಡದೆ ಬಿಡಬೇಕು. ಎಲ್ಲೋ ಮರಿಗಳು ಕಾಯುತ್ತಿರುತ್ತವೆ. ಉಳಿದಂತೆ ಗಂಡನ್ನು ಮರುದಿನ ಬಿಡಬಹುದು, ಹೆಣ್ಣನ್ನು ಇನ್ನೂ ಸ್ವಲ್ಪ ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದು. ಬಿಡುವುದು ಮಾತ್ರ ಹಿಡಿದ ಜಾಗದಲ್ಲೇ. ಬೇರೆ ಕಡೆ ಬಿಟ್ಟ ಬೆಕ್ಕಿಗೆ ನೀರೆಲ್ಲಿ, ಅಡಗುತಾಣವೆಲ್ಲಿ ಎಂದು ತಿಳಿಯುವುದಿಲ್ಲ. ಅಲ್ಲಿನ ಬೆಕ್ಕುಗಳು ಹೊಡೆದೋಡಿಸುತ್ತವೆ, ಹಳೆಯ ಜಾಗ ಹುಡುಕುತ್ತಾ ಹೊರಟು ರಸ್ತೆಯಲ್ಲಿ ಸಾಯುವುದೂ ಉಂಟು. ‘ಊರಾಚೆ ಬಿಟ್ಟು ಬಂದೆವು, ಬದುಕಿಕೊಳ್ಳುತ್ತದೆ’ ಎಂದು ಹೇಳುವವರಿಗೆ ಇದನ್ನು ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ.

ಆಪರೇಷನ್ ಆದ ಗುರುತಿಗಾಗಿ, ಮಂಪರಿನಲ್ಲಿರುವಾಗಲೇ ಕಿವಿಯ ತುದಿಯನ್ನು ಒಂದು ಸೆಂಟಿಮೀಟರಿನಷ್ಟು ನೇರವಾಗಿ ಕತ್ತರಿಸುವುದು ಅನೇಕ ದೇಶಗಳಲ್ಲಿ ರೂಢಿ. ಜಪಾನಿನಲ್ಲಿ ಚೆರ್ರಿ ಹೂವಿನ ಎಸಳಿನಂತೆ ಕಾಣುವ ಹಾಗೆ ಕಚ್ಚು ಹಾಕುತ್ತಾರೆ. ನೋಡಿದವರಿಗೆ ಕ್ರೌರ್ಯ ಅನಿಸಬಹುದು. ಆ ಗುರುತಿಲ್ಲದಿದ್ದರೆ ಅದೇ ಹೆಣ್ಣು ಬೆಕ್ಕನ್ನು ಮತ್ತೆ ಹಿಡಿದು, ಮತ್ತೆ ಮಂಪರು ಕೊಟ್ಟು, ಮತ್ತೆ ಹೊಟ್ಟೆ ಸೀಳುವ ಅಪಾಯವಿದೆ.

ಗಂಡು ಬೆಕ್ಕಿನ ಆಪರೇಷನ್ ಯಾಕೆ ಎಂದು ಕೇಳುವವರಿದ್ದಾರೆ. ಬೆದೆಯ ಹೆಣ್ಣಿಗಾಗಿ ರಾತ್ರಿಯಿಡೀ ನಡೆಯುವ ಕಾದಾಟ, ಗೋಡೆಗೆ ಚಿಮ್ಮಿಸುವ ಮೂತ್ರದ ನಾತ ಇವೆರಡೂ ಬಹುಪಾಲು ತಗ್ಗುತ್ತವೆ. ನೆರೆಯವರ ದೂರು ಅರ್ಧ ಇಳಿಯುವುದು ಅಲ್ಲೇ. ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ವೈರಸ್ ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಹರಡುತ್ತದೆ. ಕಾದಾಟ ಕಡಿಮೆಯಾದರೆ ಅದೂ ಕಡಿಮೆ. ಈ ವೈರಸ್ ಮನುಷ್ಯರಿಗೆ ತಗಲುವುದಿಲ್ಲ.

ಇಟಲಿಯ ಕ್ರಮವನ್ನು ಇಷ್ಟು ಮೆಚ್ಚುವ ನಾನು ಅದರ ಸೋಲನ್ನೂ ಹೇಳಬೇಕು. ರೋಮ್ ನಗರದಲ್ಲಿ 1991ರಿಂದ 2000ದ ನಡುವೆ ಸುಮಾರು 8,000 ಬೆಕ್ಕುಗಳಿಗೆ ಆಪರೇಷನ್ ಮಾಡಿ ಮರಳಿ ಬಿಟ್ಟರು. ಆಮೇಲೆ 103 ಗುಂಪುಗಳನ್ನು ಪರಿಶೀಲಿಸಿದ ಸಂಶೋಧಕರಿಗೆ ಒಟ್ಟು ಸಂಖ್ಯೆ ಇಳಿದದ್ದು ಕಂಡಿತು. ಜೊತೆಗೇ ಹೊರಗಿನಿಂದ ಬಂದು ಸೇರಿದ ಬೆಕ್ಕುಗಳ ಪ್ರಮಾಣ ಶೇಕಡಾ 21ರಷ್ಟಿದ್ದದ್ದೂ ಕಂಡಿತು. ಕೆಲವು ತಾವಾಗಿ ಬಂದವು, ಇನ್ನು ಕೆಲವನ್ನು ಜನ ತಂದು ಬಿಟ್ಟಿದ್ದರು. ಊಟ ಸಿಗುವ ಜಾಗ ಇದು ಎಂದು ಗೊತ್ತಾದರೆ ಮನೆಯ ಬೆಕ್ಕನ್ನು, ಮರಿಗಳ ರಟ್ಟಿನ ಪೆಟ್ಟಿಗೆಯನ್ನು ರಾತ್ರೋರಾತ್ರಿ ತಂದಿಟ್ಟು ಹೋಗುವವರು ಇರುತ್ತಾರೆ. ಮನೆಯಲ್ಲಿ ಸಾಕಿದ ಬೆಕ್ಕಿಗೆ ಆಪರೇಷನ್ ಮಾಡಿಸದವರು ಬೀದಿಯ ಗುಂಪನ್ನು ಬೆಳೆಸುತ್ತಿದ್ದಾರೆ. ಅವರನ್ನು ಬಿಟ್ಟು ಊಟ ಹಾಕುವವರನ್ನಷ್ಟೇ ಬೈಯುವುದು ಅನ್ಯಾಯ.

ಅಮೆರಿಕದ ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿ ಇದೇ ಕೆಲಸ ಹನ್ನೊಂದು ವರ್ಷ ನಡೆಯಿತು. 1996ರಲ್ಲಿ 68 ಇದ್ದ ಬೆಕ್ಕುಗಳು 2002ಕ್ಕೆ 23 ಆದವು. ಅಲ್ಲಿ ಆಪರೇಷನ್ನಿನ ಜೊತೆಗೆ ಒಟ್ಟು ಬೆಕ್ಕುಗಳಲ್ಲಿ ಅರ್ಧದ ಹತ್ತಿರದಷ್ಟು ಮನೆಗಳಿಗೆ ದತ್ತು ಹೋದವು, ಹೊಸದಾಗಿ ಬಂದವನ್ನು ಕೂಡಲೇ ಹಿಡಿದರು. ಇಸ್ರೇಲಿನ ಒಂದು ನಗರದಲ್ಲಿ ನಡೆದ ದೀರ್ಘ ಅಧ್ಯಯನ ಹೇಳಿದ್ದೂ ಇದಕ್ಕೆ ಹತ್ತಿರವೇ: ಊರೆಲ್ಲ ಚೆದುರಿದಂತೆ ಅಲ್ಲೊಂದು ಇಲ್ಲೊಂದು ಮಾಡಿದ ಆಪರೇಷನ್ನಿನಿಂದ ಸಂಖ್ಯೆ ಇಳಿಯಲಿಲ್ಲ, ಒಂದಕ್ಕೊಂದು ತಾಗಿದ ಬಡಾವಣೆಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಬೆಕ್ಕುಗಳಿಗೆ ಆಪರೇಷನ್ ಮಾಡಿದಾಗ ಇಳಿಯಿತು. ಹಾಗಾಗಿ ಒಂದು ಬೀದಿಯಲ್ಲಿ ಹತ್ತು ಬೆಕ್ಕಿದ್ದರೆ ಎರಡಕ್ಕೆ ಮಾಡಿಸಿ ಮುಂದಿನ ಬಡಾವಣೆಗೆ ಓಡಬೇಡಿ. ಆ ಬೀದಿಯ ಕೆಲಸ ಪೂರ್ತಿ ಮುಗಿಸಿ.

ಆಸ್ಟ್ರೇಲಿಯಾದ ದಾರಿಯೇ ಬೇರೆ. ಅಲ್ಲಿನ ಸರ್ಕಾರ 2015ರಲ್ಲಿ, ಐದು ವರ್ಷದೊಳಗೆ ಕಾಡುಪಾಲಾದ 20 ಲಕ್ಷ ಬೆಕ್ಕುಗಳನ್ನು ಕೊಲ್ಲುವ ಗುರಿ ಇಟ್ಟುಕೊಂಡಿತು. ರಾಜಧಾನಿ ಪ್ರದೇಶದಲ್ಲಿ 2022ರ ಜುಲೈ 1ರ ನಂತರ ಹುಟ್ಟಿದ ಸಾಕುಬೆಕ್ಕುಗಳನ್ನು ಹೊರಗೆ ಅಲೆಯಲು ಬಿಡುವಂತಿಲ್ಲ. ಓದಿದಾಗ ನನ್ನ ಹೊಟ್ಟೆ ತೊಳಸಿತು. ಆದರೂ ಅವರ ವಾದವನ್ನು ತಳ್ಳಿಹಾಕಲಾರೆ. ಯುರೋಪಿನ ಹಡಗುಗಳು ಬರುವ ಮುಂಚೆ ಬೆಕ್ಕನ್ನೇ ಕಾಣದ ನೆಲ ಅದು. ಅಲ್ಲಿನ ಪುಟ್ಟ ಪ್ರಾಣಿಗಳಿಗೆ ಬೆಕ್ಕಿನಿಂದ ತಪ್ಪಿಸಿಕೊಳ್ಳುವುದು ಗೊತ್ತಿಲ್ಲ, ಕೆಲವು ಜಾತಿಗಳು ಅಳಿದೇ ಹೋದವು. ಅಮೆರಿಕದಲ್ಲೂ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂದು 2013ರ ಅಂದಾಜು ಹೇಳಿತು, ಅದರಲ್ಲಿ ಹೆಚ್ಚಿನ ಪಾಲು ಒಡೆಯರಿಲ್ಲದ ಬೆಕ್ಕುಗಳದು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಅಪರೂಪದ ಹಕ್ಕಿಗಳು ಗೂಡು ಕಟ್ಟುವ ಕೆರೆಯಂಚು, ಕಡಲತೀರ, ಕಾಡಿನ ಅಂಚುಗಳಲ್ಲಿ ಬೆಕ್ಕಿನ ಗುಂಪಿಗೆ ಊಟ ಹಾಕುವುದನ್ನು ನಾನು ಬೆಂಬಲಿಸಲಾರೆ. ಊರೊಳಗಿನ ಮಾತು ಬೇರೆ. ಅಲ್ಲಿ ಊಟ ನಿಷೇಧಿಸಿದರೆ ಬೆಕ್ಕುಗಳು ಕಸದ ತೊಟ್ಟಿಗೆ ಚೆದುರುತ್ತವೆ, ಊಟ ಹಾಕುವವರು ಕತ್ತಲಿಗೆ ಸರಿಯುತ್ತಾರೆ, ಎಣಿಸುವವರೂ ಇಲ್ಲ, ಹಿಡಿಯುವವರೂ ಇಲ್ಲ.

ಏನು ಹಾಕಬೇಕು ಎಂಬುದರಲ್ಲಿ ನಾಡುನಾಡಿಗೆ ವ್ಯತ್ಯಾಸವಿಲ್ಲ, ಬೆಕ್ಕಿನ ದೇಹ ಎಲ್ಲ ಕಡೆಯೂ ಒಂದೇ. ಅದು ಮಾಂಸದ ಮೇಲೆಯೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶ ಆಹಾರದಲ್ಲಿ ಸಿಗದಿದ್ದರೆ ಕಾಲಕ್ರಮದಲ್ಲಿ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ಸಡಿಲಾಗುತ್ತದೆ. ಬರೀ ಧಾನ್ಯದ ಊಟವಾಗಲಿ, ನಾಯಿಯ ಆಹಾರವಾಗಲಿ ಅದಕ್ಕೆ ಸಾಲದು. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ, ನೀರೇ ಸಾಕು. ಈರುಳ್ಳಿ, ಬೆಳ್ಳುಳ್ಳಿ ರಕ್ತಕ್ಕೆ ವಿಷ. ಬೇಯಿಸಿದ ಮೂಳೆ ಸೀಳಿ ಗಂಟಲಿಗೋ ಕರುಳಿಗೋ ಚುಚ್ಚಿಕೊಳ್ಳುತ್ತದೆ. ಜ್ವರ ಬಂದಂತಿದೆ ಎಂದು ಮನುಷ್ಯರ ಪ್ಯಾರಸಿಟಮಾಲ್ ಕೊಡುವುದಂತೂ ಕೊಂದಂತೆಯೇ, ಒಂದೇ ಮಾತ್ರೆ ಸಾಕು.

ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಎತ್ತಿ, ಜಾಗ ತೊಳೆದು ಹೋಗಬೇಕು. ಇಲಿ, ಇರುವೆ, ನೊಣ, ನಾತದ ಬಗ್ಗೆ ನೆರೆಯವರು ಸಿಟ್ಟಾದರೆ ಅದು ಬೆಕ್ಕಿನ ಮೇಲಿನ ದ್ವೇಷವೆಂದು ತಿಳಿಯಬೇಕಿಲ್ಲ. ಹೇಲನ್ನು ಕೈಗವಸು ಹಾಕಿ ದಿನವೂ ತೆಗೆದರೆ ಒಳ್ಳೆಯದು. ಬಸಿರಿನ ಮಗುವಿಗೆ ಅಪಾಯ ತರಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ತತ್ತಿಗಳು ಹೇಲಿನೊಂದಿಗೆ ಹೊರಬಿದ್ದ ಮೇಲೆ ಸೋಂಕು ತಗಲಿಸುವಂತಾಗಲು ಕನಿಷ್ಠ ಒಂದು ದಿನ ಬೇಕು. ಬಸುರಿಯರು ಆ ಕೆಲಸ ಬೇರೆಯವರಿಗೆ ಬಿಡಲಿ. ಬೆಕ್ಕು ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಬೇಕು. ರೇಬಿಸ್ ಬೆಕ್ಕಿನಿಂದಲೂ ಬರುತ್ತದೆ.

ಮರಿಗಳ ವಿಷಯದಲ್ಲಿ ಆತುರ ಬೇಡ. ಬೆಚ್ಚಗೆ, ಸ್ವಚ್ಛವಾಗಿ, ಸುಮ್ಮನೆ ಮಲಗಿರುವ ಮರಿಗಳ ತಾಯಿ ಸಾಮಾನ್ಯವಾಗಿ ಸತ್ತಿರುವುದಿಲ್ಲ, ಆಹಾರಕ್ಕೆ ಹೋಗಿರುತ್ತದೆ ಅಷ್ಟೇ. ದೂರ ನಿಂತು ಕಾಯಬೇಕು. ಮನುಷ್ಯರನ್ನು ನಂಬಲು ಕಲಿಯುವ ವಯಸ್ಸು ಮುಖ್ಯವಾಗಿ ಎರಡರಿಂದ ಏಳು ವಾರ, ಆ ಹೊತ್ತಿಗೆ ಮನೆ ಸಿಕ್ಕಿದ ಮರಿಗೆ ಬೀದಿಯೇ ಬೇಕಿಲ್ಲ. ಬೀದಿಯಲ್ಲೇ ಬೆಳೆದು ಮನುಷ್ಯರನ್ನು ಕಂಡರೆ ಬೆದರುವ ದೊಡ್ಡ ಬೆಕ್ಕನ್ನು ಕೋಣೆಯಲ್ಲಿ ಕೂಡಿಹಾಕಿ ಪಳಗಿಸುತ್ತೇನೆಂದು ಹೊರಡುವುದು ಅದಕ್ಕೆ ಹಿಂಸೆ.

ಇಲ್ಲಿನ ದಾಖಲೆಗಳಿಂದ ನಮ್ಮವರು ತೆಗೆದುಕೊಳ್ಳಬಹುದಾದ ಇನ್ನೊಂದು ಸಂಗತಿ ಇದೆ. ಗುಂಪಿಗೊಂದು ಹಾಳೆ, ಅದರಲ್ಲಿ ಪ್ರತಿ ಬೆಕ್ಕಿನ ಬಣ್ಣ, ಗಂಡೋ ಹೆಣ್ಣೋ, ಕಿವಿಯ ಗುರುತು, ಲಸಿಕೆಯ ದಿನ. ನೋಡಿಕೊಳ್ಳುವವರ ಹೆಸರು ಒಂದೇ ಇದ್ದರೆ ಸಾಲದು, ಎರಡಿರಬೇಕು. ವಯಸ್ಸಾದವರೊಬ್ಬರು ಆಸ್ಪತ್ರೆ ಸೇರಿದ ವಾರವೇ ಅವರ ಬೆಕ್ಕುಗಳು ಬೀದಿಬೀದಿ ಚೆದುರಿ ಹೋದದ್ದನ್ನು ಕಂಡಿದ್ದೇನೆ. ಎರಡನೆಯವರು ರಜೆಯ ದಿನಗಳಲ್ಲಾದರೂ ಬಂದು, ಬೆಕ್ಕುಗಳಿಗೆ ಅವರ ಹೆಜ್ಜೆಯ ಸದ್ದೂ ಪರಿಚಯವಾಗಬೇಕು. ಬೋನು ಎಲ್ಲಿದೆ, ಬೀಗದ ಕೈ ಯಾರ ಹತ್ತಿರ, ಯಾವ ವೈದ್ಯರು ಯಾವ ದಿನ ಬೀದಿ ಬೆಕ್ಕಿನ ಆಪರೇಷನ್ ಮಾಡುತ್ತಾರೆ ಎಂಬುದನ್ನೂ ಅದೇ ಹಾಳೆಯ ಹಿಂಬದಿಯಲ್ಲಿ ಬರೆದಿಡಬೇಕು.