ಹಕ್ಕು ಕಾನೂನಿನ ಕೊಡುಗೆ ಮಾತ್ರವೇ?

ಹಕ್ಕು ಎಂದರೆ ಕಾನೂನು ಕೊಟ್ಟದ್ದು, ಅದಕ್ಕೆ ನೈತಿಕ ತತ್ವಶಾಸ್ತ್ರದ ಆಸರೆ ಬೇಕಿಲ್ಲ ಎಂದು ವಾದಿಸುವ ಲೇಖನವೊಂದನ್ನು ಓದಿದೆ. ಅದರ ಲೇಖಕರ ಈ ವಾದವನ್ನು ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ತತ್ವಶಾಸ್ತ್ರಜ್ಞ ಜೆರೆಮಿ ಬೆಂಥಮ್ ಕೂಡ ನಿಸರ್ಗದತ್ತ ಹಕ್ಕುಗಳನ್ನು, ಅಂದರೆ ಕಾನೂನಿಗೂ ಮೊದಲೇ ಮನುಷ್ಯನಿಗೆ ಇವೆ ಎನ್ನಲಾಗುವ ಹಕ್ಕುಗಳನ್ನು, ಅಲ್ಲಗಳೆದಿದ್ದರು, ನಿಜ. ಆದರೆ ಯಾವ ಕಾನೂನು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳಲು ಅವರಿಗೂ ಒಂದು ನೈತಿಕ ಅಳತೆಗೋಲು ಬೇಕೇ ಬೇಕಾಯಿತು.

ನಾಜಿ ಆಡಳಿತ ತಂದ 1935ರ ನ್ಯೂರೆಂಬರ್ಗ್ ಕಾನೂನುಗಳು ಜರ್ಮನಿಯ ಯಹೂದಿಗಳ ಪೌರತ್ವವನ್ನು ಕಸಿದುಕೊಂಡದ್ದು ಶಾಸನದ ಮೂಲಕವೇ. ಲೇಖಕರ ತರ್ಕದಂತೆ ಹೋದರೆ ಅಲ್ಲಿಗೆ ಆ ಯಹೂದಿಗಳ ಹಕ್ಕೂ ಮುಗಿಯಿತು; ಅನ್ಯಾಯವಾಯಿತು ಎನ್ನಲು ಆಧಾರವೇ ಉಳಿಯುವುದಿಲ್ಲ! ಜರ್ಮನಿಯ ನ್ಯಾಯಶಾಸ್ತ್ರಜ್ಞ ಗುಸ್ತಾವ್ ರಾಡ್‌ಬ್ರುಖ್ ಇದನ್ನೆಲ್ಲ ಕಂಡವರು. ಶಾಸನದ ಅನ್ಯಾಯ ಸಹಿಸಲಾಗದ ಮಟ್ಟ ಮುಟ್ಟಿದಾಗ ಅದು ನ್ಯಾಯಕ್ಕೆ ಮಣಿಯಬೇಕು ಎಂದು ಅವರು 1946ರಲ್ಲಿ ವಾದಿಸಿದರು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯೂ ಹುಟ್ಟಿನಿಂದಲೇ ಬರುವ ಘನತೆಯ ಮಾತಾಡುತ್ತದೆ. ಆ ಘನತೆ ಯಾವ ಸರ್ಕಾರವೂ ಮಂಜೂರು ಮಾಡಿದ್ದಲ್ಲ.

ಹಕ್ಕು ಜಾರಿಯಾಗಲು ಶಾಸನ, ನ್ಯಾಯಾಲಯ ಬೇಕು, ಅದರಲ್ಲಿ ತಕರಾರಿಲ್ಲ. ಹಕ್ಕಿನ ನೈತಿಕ ಆಧಾರದ ಬಗ್ಗೆ ತತ್ವಶಾಸ್ತ್ರಜ್ಞರಲ್ಲೇ ಒಮ್ಮತವಿಲ್ಲ ಎಂಬುದೂ ಸರಿ. ಆದರೂ ಲೇಖಕರನ್ನು ಕೇಳುತ್ತೇನೆ: ನಾಳೆ ಒಂದು ದೇಶ ಚಿತ್ರಹಿಂಸೆಯ ಮೇಲಿನ ನಿಷೇಧವನ್ನು ತೆಗೆದುಹಾಕಿದರೆ, ಅಲ್ಲಿನ ಕೈದಿಗೆ ದೂರಲು ಏನೂ ಇಲ್ಲ ಎನ್ನುತ್ತೀರಾ?